ಸಲ್ಲೇಖನೆಯ ಐದು ಅತಿಚಾರಗಳು ಮತ್ತು ಇಳಿವಯಸ್ಸಿನ ಮನಸ್ಸು



ನಿತ್ಯವೂ ಭಕ್ತಿಪಾಠದ ಕೊನೆಯಲ್ಲಿ ನಾವು ಜಿನೇಂದ್ರನ ಮುಂದೆ ಕೈಮುಗಿದು ನಿಂತು ದುಃಖನಾಶ, ಕರ್ಮನಾಶ, ರತ್ನತ್ರಯಲಾಭಗಳೊಡನೆ ಸಮಾಧಿಮರಣವನ್ನೂ ಬೇಡುತ್ತೇವೆ. ಎಂಟು ವರ್ಷದ ಬಾಲಕನೂ ಇದನ್ನು ಬೇಡುತ್ತಾನೆ, ಎಂಬತ್ತು ವರ್ಷದ ಅಜ್ಜಿಯೂ ಬೇಡುತ್ತಾಳೆ. ಲೋಕದಲ್ಲಿ ಮರಣದ ಹೆಸರೆತ್ತಲೂ ಅಂಜುವ ಮನೆಗಳಿರುವಾಗ, ಒಳ್ಳೆಯ ಮರಣವನ್ನು ದಿನನಿತ್ಯದ ಪ್ರಾರ್ಥನೆಯಲ್ಲಿ ಸೇರಿಸಿಟ್ಟ ನಮ್ಮ ಪೂರ್ವಾಚಾರ್ಯರ ದೂರದೃಷ್ಟಿ ಅಸಾಧಾರಣವಾದುದು. ಆದರೆ ಬಾಯಿಪಾಠವಾದ ಮಾತಿನ ಅರ್ಥವನ್ನು ನಾವು ಎಷ್ಟು ಮಟ್ಟಿಗೆ ವಿಚಾರಿಸಿದ್ದೇವೆ?

ಒಂದು ಮನೆಯನ್ನು ಕಲ್ಪಿಸಿಕೊಳ್ಳೋಣ. ಎಂಬತ್ತು ದಾಟಿದ ಅಜ್ಜಿಯೊಬ್ಬರು. ಯಜಮಾನರು ತೀರಿಕೊಂಡು ಆರು ತಿಂಗಳಾಗಿದೆ. ಮೊದಲು ರಾತ್ರಿಯ ಮಾತು ನಿಂತಿತು, ಆಮೇಲೆ ಬಸದಿಗೆ ಹೋಗುವುದು ನಿಂತಿತು, ಈಗ ಒಂದು ವಾರದಿಂದ ತಟ್ಟೆಯನ್ನು ಹಿಂದಕ್ಕೆ ಸರಿಸುತ್ತಾರೆ. “ನನಗೆ ಇನ್ನೇನೂ ಬೇಡವಮ್ಮಾ, ನನ್ನನ್ನು ಕಳಿಸಿಬಿಡಿ” ಎನ್ನುತ್ತಾರೆ. ನೋಡಲು ಬಂದ ನೆಂಟರೊಬ್ಬರು, “ಪುಣ್ಯಾತ್ಮರು, ಸಲ್ಲೇಖನೆಯ ಕಡೆಗೆ ಮನಸ್ಸು ತಿರುಗಿದೆ, ಅಡ್ಡಿ ಮಾಡಬೇಡಿ” ಎಂದು ಹೇಳಿ ಹೋಗುತ್ತಾರೆ. ಸೊಸೆಗೆ ಮಾತ್ರ ಮನಸ್ಸಿನಲ್ಲಿ ಸಂದೇಹ. ಅತ್ತೆಯವರದು ವ್ರತವೋ, ವ್ಯಥೆಯೋ? ಬಲವಂತವಾಗಿ ಉಣಿಸಿದರೆ ಧರ್ಮಕ್ಕೆ ಅಡ್ಡಿಯಾದೇನೆಂಬ ಭಯ. ಸುಮ್ಮನಿದ್ದರೆ ಕರ್ತವ್ಯಕ್ಕೆ ತಪ್ಪಿದೇನೆಂಬ ಭಯ.

ಈ ಸೊಸೆಯ ಸಂದೇಹಕ್ಕೆ ಆಗಮದಲ್ಲಿಯೇ ಉತ್ತರವಿದೆ. ಸಲ್ಲೇಖನೆಗೆ ಹೇಳಿರುವ ಐದು ಅತಿಚಾರಗಳಲ್ಲಿ ಆ ಉತ್ತರ ಅಡಗಿದೆ. ಅವುಗಳನ್ನು ಈ ಪಾಠದಲ್ಲಿ ವಿಚಾರಿಸೋಣ.

ಸಲ್ಲೇಖನೆ ಎಂದರೇನು?

‘ಲೇಖನ’ ಎಂದರೆ ಕೃಶಗೊಳಿಸುವುದು, ತೆಳ್ಳಗೆ ಮಾಡುವುದು. ಸಮ್ಯಕ್ಕಾಗಿ ಕೃಶಗೊಳಿಸುವುದು ಸಲ್ಲೇಖನೆ. ಕೃಶಗೊಳಿಸಬೇಕಾದುದು ಎರಡನ್ನು: ಹೊರಗೆ ಕಾಯವನ್ನು, ಒಳಗೆ ಕ್ರೋಧ ಮಾನ ಮಾಯಾ ಲೋಭಗಳೆಂಬ ಕಷಾಯಗಳನ್ನು. ಕಷಾಯ ಕೃಶವಾಗದೆ ಕಾಯ ಮಾತ್ರ ಕೃಶವಾದರೆ ಅದು ಬರಿಯ ಹಸಿವು, ವ್ರತವಲ್ಲ.

ಸಮಂತಭದ್ರ ಆಚಾರ್ಯರು ರತ್ನಕರಂಡಕ ಶ್ರಾವಕಾಚಾರದಲ್ಲಿ ಇದಕ್ಕೆ ಕಾಲವನ್ನೂ ಕಾರಣವನ್ನೂ ನಿಯಮಿಸಿದ್ದಾರೆ. ಉಪಸರ್ಗ, ದುರ್ಭಿಕ್ಷ, ಮುಪ್ಪು, ರೋಗ ಇವು ಬಂದಾಗ, ಅವಕ್ಕೆ ಯಾವ ಪ್ರತೀಕಾರವೂ ಇಲ್ಲವೆಂದು ನಿಶ್ಚಯವಾದಾಗ, ಧರ್ಮರಕ್ಷಣೆಗಾಗಿ ಶರೀರವನ್ನು ಬಿಡುವುದು ಸಲ್ಲೇಖನೆ. ‘ಪ್ರತೀಕಾರವಿಲ್ಲದ’ ಎಂಬ ವಿಶೇಷಣವನ್ನು ಓದುಗರು ವಿಶೇಷವಾಗಿ ಗಮನಿಸಬೇಕು. ಪ್ರತೀಕಾರವಿರುವ ಕಡೆ ಪ್ರತೀಕಾರ ಮಾಡುವುದೇ ಶ್ರಾವಕಧರ್ಮ. ಪೂಜ್ಯಪಾದ ಆಚಾರ್ಯರು ಸರ್ವಾರ್ಥಸಿದ್ಧಿಯಲ್ಲಿ ಕೊಡುವ ವರ್ತಕನ ದೃಷ್ಟಾಂತವೂ ಇದನ್ನೇ ಹೇಳುತ್ತದೆ. ಸರಕು ತುಂಬಿದ ತನ್ನ ಮಳಿಗೆ ಹಾಳಾಗಬೇಕೆಂದು ಯಾವ ವರ್ತಕನೂ ಬಯಸುವುದಿಲ್ಲ. ಅಪಾಯ ಒದಗಿದರೆ ಮೊದಲು ಅದನ್ನು ನಿವಾರಿಸಲು ಯತ್ನಿಸುತ್ತಾನೆ. ನಿವಾರಣೆ ಅಸಾಧ್ಯವೆಂದು ಕಂಡಾಗ ಮಳಿಗೆಯ ಆಸೆ ಬಿಟ್ಟು ಒಳಗಿನ ಸರಕನ್ನು ಉಳಿಸಿಕೊಳ್ಳುತ್ತಾನೆ. ಶರೀರ ಮಳಿಗೆ, ವ್ರತಶೀಲಗಳು ಸರಕು. ಮಳಿಗೆಗೆ ತಾನೇ ಬೆಂಕಿಯಿಡುವವನಿಗೂ ಈ ವರ್ತಕನಿಗೂ ಎಷ್ಟು ಅಂತರ!

ಬಾಳಿನ ನಡುವಿನಲ್ಲೇ ಆರಂಭವಾಗುವ ಶಿಕ್ಷಣ

ಕುಂದಕುಂದ ಆಚಾರ್ಯರು ಚಾರಿತ್ರಪಾಹುಡದಲ್ಲಿ ಸಾಮಾಯಿಕ, ಪ್ರೋಷಧ, ಅತಿಥಿಪೂಜೆಗಳ ಜೊತೆಗೆ ಸಲ್ಲೇಖನೆಯನ್ನು ನಾಲ್ಕನೆಯ ಶಿಕ್ಷಾವ್ರತವಾಗಿ ಎಣಿಸಿದ್ದಾರೆ. ಉಮಾಸ್ವಾಮಿ ಆಚಾರ್ಯರು ತತ್ತ್ವಾರ್ಥಸೂತ್ರದಲ್ಲಿ ಅದನ್ನು ಹನ್ನೆರಡು ವ್ರತಗಳ ಆಚೆಗೆ ಬೇರೆಯಾಗಿ ಹೇಳಿದ್ದಾರೆ. ಎಣಿಕೆ ಬೇರೆಯಾದರೂ ಆಶಯದಲ್ಲಿ ವಿರೋಧವಿಲ್ಲ. ಶಿಕ್ಷಾವ್ರತವೆಂದರೆ ಅಭ್ಯಾಸದಿಂದ ಕಲಿಯಬೇಕಾದ ವ್ರತ. ಕೊನೆಯ ದಿನ ಪರೀಕ್ಷೆಗೆ ಕುಳಿತು ಅಂದೇ ಅಕ್ಷರ ಕಲಿಯಲು ಸಾಧ್ಯವೇ?

ಅಷ್ಟಮಿ ಚತುರ್ದಶಿಗಳ ಉಪವಾಸ, ಏಕಾಶನ, ಉಪ್ಪು ಬೆಲ್ಲ ತುಪ್ಪಗಳಲ್ಲಿ ಒಂದನ್ನು ಬಿಡುವ ರಸತ್ಯಾಗ, ಹಸಿವಿಗಿಂತ ಒಂದು ತುತ್ತು ಕಡಿಮೆ ಉಣ್ಣುವ ಅವಮೋದರ್ಯ ಇವೆಲ್ಲ ಈ ಶಿಕ್ಷಣದ ಪಾಠಗಳು. ಬೇಕೆನಿಸಿದ ವಸ್ತು ಕೈಗೆಟುಕುವಂತಿರುವಾಗಲೂ ಬೇಡವೆಂದು ಪ್ರಸನ್ನವಾಗಿ ಹೇಳುವುದನ್ನು ಮನಸ್ಸು ಇಲ್ಲಿ ಕಲಿಯುತ್ತದೆ. ಮುಪ್ಪು ಬಂದಾಗ ಕಣ್ಣು, ಕಿವಿ, ಹಲ್ಲು, ಕಾಲು, ಅಧಿಕಾರ, ಗೆಳೆಯರು ಎಲ್ಲವೂ ಒಂದೊಂದಾಗಿ ಕೈಬಿಡುತ್ತವೆ. ಮೊದಲೇ ಬಿಡಲು ಕಲಿತವನಿಗೆ ಇದು ತ್ಯಾಗ. ಕಲಿಯದವನಿಗೆ ಇದು ಲೂಟಿ.

ಏಕಾದಶ ಪ್ರತಿಮೆಗಳನ್ನು ಈ ದೃಷ್ಟಿಯಿಂದ ನೋಡಿದರೆ ಅವು ಪ್ರೌಢವಯಸ್ಸಿನ ಮನಸ್ಸು ಏರಬೇಕಾದ ಮೆಟ್ಟಿಲುಗಳಾಗಿಯೂ ಕಾಣುತ್ತವೆ. ಎಂಟನೆಯದಾದ ಆರಂಭತ್ಯಾಗದಲ್ಲಿ ಕೃಷಿ ವ್ಯಾಪಾರಾದಿಗಳನ್ನು ಬಿಡಬೇಕು. ಒಂಬತ್ತನೆಯ ಪರಿಗ್ರಹತ್ಯಾಗದಲ್ಲಿ ಸ್ವತ್ತಿನ ಮಮತೆಯನ್ನು ಬಿಡಬೇಕು. ಹತ್ತನೆಯದು ಅನುಮತಿತ್ಯಾಗ: ಮನೆಯ ಲೌಕಿಕ ವ್ಯವಹಾರಗಳಿಗೆ ಅನುಮತಿ ಕೊಡುವುದನ್ನೂ ನಿಲ್ಲಿಸಬೇಕು. ಗದ್ದೆಯನ್ನು ಮಗನಿಗೆ ಬಿಟ್ಟುಕೊಟ್ಟ ತಂದೆ, ತಿಜೋರಿಯ ಕೀಲಿಯನ್ನು ಸೊಸೆಗೆ ಒಪ್ಪಿಸಿದ ತಾಯಿ ಬೇಕಾದಷ್ಟು ಮಂದಿ ಇದ್ದಾರೆ. ಆದರೆ “ನನ್ನನ್ನು ಒಂದು ಮಾತು ಕೇಳಲಿಲ್ಲವಲ್ಲ” ಎಂಬ ಕೊರಗನ್ನು ಬಿಟ್ಟವರು ಎಷ್ಟು ಮಂದಿ? ಸ್ವತ್ತಿಗಿಂತ ಸಲಹೆಯನ್ನು ಬಿಡುವುದು ಕಷ್ಟವೆಂದು ಬಲ್ಲವರು ಈ ಕ್ರಮವನ್ನು ಏರ್ಪಡಿಸಿದ್ದಾರೆ.

ಪಾಶ್ಚಾತ್ಯ ಮನಶ್ಶಾಸ್ತ್ರಜ್ಞರೂ ಈ ದಿಕ್ಕಿನಲ್ಲಿ ವಿಚಾರ ಮಾಡಿದ್ದಾರೆ. ಮನಸ್ಸಿನ ಬೆಳವಣಿಗೆ ಬಾಲ್ಯಕ್ಕೇ ನಿಲ್ಲುವುದಿಲ್ಲ, ಮುಪ್ಪಿನವರೆಗೂ ನಡೆಯುತ್ತದೆಂದು ಎರಿಕ್ ಎರಿಕ್‌ಸನ್ ಎಂಬ ವಿದ್ವಾಂಸರು 1950ರಲ್ಲಿ ಪ್ರಕಟವಾದ ತಮ್ಮ ಗ್ರಂಥದಲ್ಲಿ ಎಂಟು ಹಂತಗಳನ್ನು ವಿವರಿಸಿದರು. ನಡುವಯಸ್ಸಿನಲ್ಲಿ ಮುಂದಿನ ಪೀಳಿಗೆಯನ್ನು ಪೋಷಿಸುವ ಹೊಣೆ. ಅದು ಕುಂದಿದರೆ ಬಾಳು ನಿಂತ ನೀರಾಗುತ್ತದೆ. ಕೊನೆಯ ಹಂತದಲ್ಲಿ ತಾನು ಬಾಳಿದ ಬಾಳನ್ನು ಇದ್ದಂತೆಯೇ ಒಪ್ಪಿಕೊಳ್ಳುವ ಸಮಗ್ರತೆ ಒಂದು ಕಡೆ, ಕಾಲ ಮೀರಿತೆಂಬ ಹತಾಶೆ ಮತ್ತೊಂದು ಕಡೆ. ಇವೆರಡರ ತಿಕ್ಕಾಟವೇ ಮುಪ್ಪಿನ ಕೆಲಸವೆಂಬುದು ಅವರ ಅಭಿಪ್ರಾಯ. ಆತ್ಮ, ಕರ್ಮ, ನಿರ್ಜರೆಗಳ ಮಾತು ಅಲ್ಲಿಲ್ಲ. ಆದುದರಿಂದ ಎರಡನ್ನೂ ಒಂದೇ ಎನ್ನಲಾಗದು. ಆದರೂ ಹತಾಶೆಯನ್ನು ಗೆಲ್ಲುವುದು ಮುಪ್ಪಿನ ಮುಖ್ಯ ಕಾರ್ಯವೆಂಬಲ್ಲಿ ಅವರ ಮಾತು ನಮ್ಮ ವಿಚಾರಕ್ಕೆ ಸಮೀಪವಾಗಿದೆ.

ಐದು ಅತಿಚಾರಗಳು

ವ್ರತವನ್ನು ಪೂರ್ಣವಾಗಿ ಮುರಿಯದೆ ಅದನ್ನು ಮಲಿನಗೊಳಿಸುವ ದೋಷಕ್ಕೆ ಅತಿಚಾರವೆಂದು ಹೆಸರು. ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯದಲ್ಲಿ ಸಲ್ಲೇಖನೆಯ ಅತಿಚಾರಗಳು ಹೀಗಿವೆ: ಜೀವಿತಾಶಂಸೆ, ಮರಣಾಶಂಸೆ, ಮಿತ್ರಾನುರಾಗ, ಸುಖಾನುಬಂಧ, ನಿದಾನ. ಸಮಂತಭದ್ರರು ಸುಖಾನುಬಂಧದ ಸ್ಥಾನದಲ್ಲಿ ಭಯವನ್ನು ಹೇಳಿ, ಮಿತ್ರಾನುರಾಗವನ್ನು ಮಿತ್ರಸ್ಮೃತಿ ಎಂದು ಕರೆದಿದ್ದಾರೆ. ಇವುಗಳಲ್ಲಿ ಒಂದೂ ಶರೀರದ ದೋಷವಲ್ಲ, ಎಲ್ಲವೂ ಮನಸ್ಸಿನವು ಎಂಬುದು ಗಮನಾರ್ಹ.

ಒಂದನೆಯದು ಜೀವಿತಾಶಂಸೆ, ಬದುಕುವ ಆಸೆ. ಔಷಧ ಸೇವಿಸುವುದು, ಆರೋಗ್ಯವನ್ನು ಕಾಪಾಡಿಕೊಳ್ಳುವುದು ಈ ದೋಷವಲ್ಲ. ವ್ರತವನ್ನು ಸ್ವೀಕರಿಸಿದ ಮೇಲೆ, ಅಳಿಯಲೇಬೇಕಾದ ಶರೀರ ಹೇಗಾದರೂ ಉಳಿಯಲೆಂದು ಹಂಬಲಿಸುವುದು ದೋಷ. ತನ್ನ ಸುತ್ತ ಜನ ನೆರೆದು ಸತ್ಕಾರ ಮಾಡುವುದನ್ನು ಕಂಡು, ಇನ್ನೂ ಕೆಲವು ದಿನ ಹೀಗೆಯೇ ಇರಲೆಂಬ ಆಸೆ ಹುಟ್ಟುವುದೂ ಇದರಲ್ಲಿ ಸೇರುತ್ತದೆ.

ಎರಡನೆಯದು ಮರಣಾಶಂಸೆ, ಸಾಯುವ ಆಸೆ. ಈ ಪಾಠದ ತಿರುಳು ಇಲ್ಲಿದೆ. ರೋಗದ ನೋವನ್ನು ತಾಳಲಾರದೆ, ಅಥವಾ ತನ್ನನ್ನು ಯಾರೂ ವಿಚಾರಿಸುತ್ತಿಲ್ಲವೆಂಬ ಬೇಸರದಿಂದ, ಬೇಗ ಸಾವು ಬರಲೆಂದು ಬಯಸುವುದು ಮರಣಾಶಂಸೆ. ಸಲ್ಲೇಖನೆಯ ಬಗ್ಗೆ ಹೊರಗಿನವರಿಗೆ ಇರುವ ತಪ್ಪುಕಲ್ಪನೆ, ಒಳಗಿನವರಲ್ಲಿ ಕೆಲವರಿಗೆ ಇರುವ ಅಜ್ಞಾನ ಎರಡೂ ಈ ಒಂದು ಪದದಿಂದ ನಿವಾರಣೆಯಾಗಬೇಕು. ಸಾವನ್ನು ಬಯಸುವುದು ಈ ವ್ರತದ ಪ್ರೇರಣೆಯಲ್ಲ, ಈ ವ್ರತದ ಕಳಂಕ. ಬದುಕಿನ ಆಸೆಯನ್ನೂ ಸಾವಿನ ಆಸೆಯನ್ನೂ ಆಚಾರ್ಯರು ಒಂದೇ ತಕ್ಕಡಿಯಲ್ಲಿ ತೂಗಿದ್ದಾರೆ, ಏಕೆಂದರೆ ಎರಡೂ ಆಸೆಗಳೇ.

ಮೂರನೆಯದು ಮಿತ್ರಾನುರಾಗ. ಬಾಲ್ಯದಲ್ಲಿ ಗೆಳೆಯರೊಡನೆ ಮಣ್ಣಿನಲ್ಲಿ ಆಡಿದ ಆಟ ಮೊದಲಾದುವನ್ನು ನೆನೆಯುವುದೆಂದು ಪೂಜ್ಯಪಾದರು ಇದನ್ನು ವಿವರಿಸಿದ್ದಾರೆ. ಎಷ್ಟು ಕೋಮಲವಾದ ದೋಷ! ಹಾಗಾದರೆ ವೃದ್ಧರು ಹಿಂದಿನದನ್ನು ನೆನೆಯಲೇ ಬಾರದೇ? ನೆನೆಯುವುದರಲ್ಲಿ ಎರಡು ವಿಧ. ಅಂಟಿಕೊಳ್ಳಲೆಂದು ನೆನೆಯುವುದು ಅನುರಾಗ. ಬಿಡಿಸಿಕೊಳ್ಳಲೆಂದು ನೆನೆಯುವುದು ಆಲೋಚನೆ. ತಾನು ಮಾಡಿದ, ಮಾಡಿಸಿದ, ಅನುಮೋದಿಸಿದ ಪಾಪಗಳನ್ನೆಲ್ಲ ಕಪಟವಿಲ್ಲದೆ ಆಲೋಚನೆ ಮಾಡಬೇಕೆಂದು ಸಮಂತಭದ್ರರೇ ವಿಧಿಸಿದ್ದಾರೆ. ಅಮೆರಿಕದ ವೈದ್ಯ ರಾಬರ್ಟ್ ಬಟ್ಲರ್ 1963ರಲ್ಲಿ ಬರೆದ ಲೇಖನವೊಂದರಲ್ಲಿ, ವೃದ್ಧರು ಹಳೆಯದನ್ನು ಮತ್ತೆ ಮತ್ತೆ ಹೇಳುವುದು ಬರಿಯ ಅರಳುಮರಳಲ್ಲ, ಬಾಳಿನ ಲೆಕ್ಕವನ್ನು ತಿರುವಿಹಾಕುವ ಸಹಜ ಕ್ರಿಯೆ ಎಂದು ತೋರಿಸಿದರು. ಆದುದರಿಂದ ಅಜ್ಜ ಹಳೆಯ ಕಥೆ ತೆಗೆದಾಗ “ಅದನ್ನು ನೂರು ಸಲ ಕೇಳಿದ್ದೇವೆ” ಎಂದು ಎದ್ದು ಹೋಗಬಾರದು. ಕೇಳಿಸಿಕೊಳ್ಳುವವರಿದ್ದರೆ ಅನುರಾಗವು ಆಲೋಚನೆಯಾಗಿ ತಿರುಗುವ ಅವಕಾಶವಿರುತ್ತದೆ.

ನಾಲ್ಕನೆಯದು ಸುಖಾನುಬಂಧ: ಉಂಡ ಉಟ್ಟ ಸುಖಗಳನ್ನು ಮತ್ತೆ ಮತ್ತೆ ಮೆಲುಕು ಹಾಕುವುದು. ಸಮಂತಭದ್ರರು ಹೇಳುವ ಭಯ ಇದರ ಇನ್ನೊಂದು ಮುಖವೆನ್ನಬಹುದು. ಹೋದ ಸುಖದ ಕಡೆಗೆ ತಿರುಗಿದ ಮನಸ್ಸು ಬರುವ ನೋವಿಗೆ ಅಂಜುತ್ತದೆ.

ಐದನೆಯದು ನಿದಾನ: ಈ ವ್ರತದ ಫಲವಾಗಿ ಮುಂದೆ ಸ್ವರ್ಗಾದಿ ಭೋಗಗಳು ಸಿಗಲೆಂಬ ಚೌಕಾಸಿ. ಮರಣಾಸನ್ನ ರೋಗಿಗಳ ಬಳಿ ಕುಳಿತು ಅವರ ಮಾತು ಕೇಳಿದ ಎಲಿಜಬೆತ್ ಕ್ಯೂಬ್ಲರ್-ರಾಸ್ ಎಂಬ ವೈದ್ಯೆ 1969ರ ತಮ್ಮ ಪುಸ್ತಕದಲ್ಲಿ ನಿರಾಕರಣೆ, ಸಿಟ್ಟು, ಚೌಕಾಸಿ, ಖಿನ್ನತೆ, ಒಪ್ಪಿಗೆ ಎಂಬ ಐದು ಅವಸ್ಥೆಗಳನ್ನು ಗುರುತಿಸಿದರು. ಇವು ಎಲ್ಲರಲ್ಲಿಯೂ ಇದೇ ಕ್ರಮದಲ್ಲಿ ಬರುವುವೆಂದು ತಿಳಿಯಬಾರದು. ಆದರೂ ಸಾವಿನ ಮುಂದೆ ಮನುಷ್ಯ ಚೌಕಾಸಿಗೆ ಇಳಿಯುತ್ತಾನೆಂಬ ಅವರ ಮಾತು ನಿದಾನವನ್ನು ನೆನಪಿಗೆ ತರುತ್ತದೆ. ಒಬ್ಬನು ಇನ್ನಷ್ಟು ಆಯುಸ್ಸಿಗಾಗಿ ಚೌಕಾಸಿ ಮಾಡುತ್ತಾನೆ, ಇನ್ನೊಬ್ಬನು ಮುಂದಿನ ಜನ್ಮದ ಸುಖಕ್ಕಾಗಿ ಮಾಡುತ್ತಾನೆ, ವ್ಯಾಪಾರ ಒಂದೇ.

ವ್ರತವೋ ವ್ಯಥೆಯೋ?

ಈಗ ಆ ಸೊಸೆಯ ಪ್ರಶ್ನೆಗೆ ಹಿಂದಿರುಗೋಣ. ಆಗಮದಲ್ಲಿ ಹೇಳಿದ ಲಕ್ಷಣಗಳಿಂದ ನಾಲ್ಕು ಪರೀಕ್ಷೆಗಳನ್ನು ಹೊರತೆಗೆಯಬಹುದು.

ಮೊದಲನೆಯದು, ಪ್ರತೀಕಾರವಿಲ್ಲವೆಂದು ನಿಶ್ಚಯವಾಗಿದೆಯೇ? ವೃದ್ಧರಿಗೆ ಊಟ ಬೇಡವಾಗಲು ಹಲ್ಲುನೋವು, ಬಾಯಿಹುಣ್ಣು, ಮಲಬದ್ಧತೆ, ಸೇವಿಸುತ್ತಿರುವ ಔಷಧದ ಪರಿಣಾಮ, ಒಳಗಿನ ಯಾವುದೋ ರೋಗ ಕಾರಣವಾಗಿರಬಹುದು. ಸಂಗಾತಿಯನ್ನು ಕಳೆದುಕೊಂಡವರಲ್ಲಿ ಖಿನ್ನತೆಯೆಂಬ ಮನೋವ್ಯಾಧಿ ಕಾಣಿಸಿಕೊಳ್ಳಬಹುದು. ನಿದ್ರೆ ಕೆಡುವುದು, ಯಾವುದರಲ್ಲಿಯೂ ಆಸಕ್ತಿ ಇಲ್ಲದಿರುವುದು, ತಾನು ಎಲ್ಲರಿಗೂ ಭಾರವೆಂದು ಹೇಳುವುದು, ಸಾವನ್ನು ಹಂಬಲಿಸುವುದು ಅದರ ಲಕ್ಷಣಗಳು. ಅದು ಮುಪ್ಪಿನ ಸಹಜ ಧರ್ಮವಲ್ಲ. ಚಿಕಿತ್ಸೆಗೆ ಬಗ್ಗುವ ರೋಗ. ಪ್ರತೀಕಾರವುಳ್ಳ ರೋಗವಿರುವಾಗ ಸಲ್ಲೇಖನೆಯ ಮಾತೇ ಹುಟ್ಟುವುದಿಲ್ಲ.

ಎರಡನೆಯದು, ಗುರುಸಾನ್ನಿಧ್ಯವಿದೆಯೇ? ಯೋಗ್ಯತೆಯನ್ನು ಪರೀಕ್ಷಿಸಿ ಗುರುಗಳು ಅನುಗ್ರಹಿಸಬೇಕಾದ ವ್ರತವಿದು, ಮುಚ್ಚಿದ ಕೋಣೆಯಲ್ಲಿ ಒಬ್ಬರೇ ಕೈಗೊಳ್ಳುವ ನಿರ್ಧಾರವಲ್ಲ. ಗಂಗರ ದೊರೆ ಮಾರಸಿಂಹನು ಕ್ರಿ.ಶ. 974ರ ಸುಮಾರಿಗೆ ಮೊದಲು ರಾಜ್ಯವನ್ನು ತ್ಯಜಿಸಿ, ಬಂಕಾಪುರದಲ್ಲಿ ಅಜಿತಸೇನ ಭಟ್ಟಾರಕರ ಸನ್ನಿಧಿಯಲ್ಲಿ ಮೂರು ದಿನ ವ್ರತವನ್ನು ನಡೆಸಿ ಮುಡಿಪಿದನೆಂದು ಶ್ರವಣಬೆಳಗೊಳದ ಚಂದ್ರಗಿರಿಯ ಕೂಗೆ ಬ್ರಹ್ಮದೇವ ಸ್ತಂಭದ ಶಾಸನ ತಿಳಿಸುತ್ತದೆ. ಅರಸನಾದರೂ ಗುರುವಿನ ಮುಂದೆ ಶಿಷ್ಯನೇ.

ಮೂರನೆಯದು, ಕ್ರಮವಿದೆಯೇ? ಮೊದಲು ಗಟ್ಟಿ ಆಹಾರವನ್ನು ಬಿಟ್ಟು ಹಾಲು ಮೊದಲಾದುವು, ಅದನ್ನು ಬಿಟ್ಟು ಮಜ್ಜಿಗೆ ಗಂಜಿಯಂತಹ ಪಾನ, ಅದನ್ನೂ ಬಿಟ್ಟು ಬಿಸಿನೀರು, ಕೊನೆಗೆ ಶಕ್ತ್ಯನುಸಾರ ಉಪವಾಸ. ಮನಸ್ಸಿನ ಸಮಾಧಾನವನ್ನು ನೋಡಿಕೊಂಡು ಮೆಟ್ಟಿಲು ಮೆಟ್ಟಿಲಾಗಿ ಇಳಿಯುವುದು ವಿಧಿ. ಆರಾಧನಾ ಗ್ರಂಥವು ಭಕ್ತಪ್ರತ್ಯಾಖ್ಯಾನಕ್ಕೆ ಉತ್ಕೃಷ್ಟವಾಗಿ ಹನ್ನೆರಡು ವರ್ಷಗಳ ಅವಧಿಯನ್ನು ಹೇಳಿರುವುದು ಇದಕ್ಕಾಗಿಯೇ. ಹತಾಶೆಗೆ ಇಂತಹ ತಾಳ್ಮೆ ಇರುವುದಿಲ್ಲ.

ನಾಲ್ಕನೆಯದು, ಕಷಾಯ ಕೃಶವಾಗಿದೆಯೇ? ಸ್ನೇಹ ವೈರಗಳನ್ನು ಬಿಟ್ಟು, ಬಂಧುಗಳನ್ನೂ ಸೇವಕರನ್ನೂ ಪ್ರಿಯವಚನದಿಂದ ಕ್ಷಮಿಸಿ, ಅವರಿಂದ ಕ್ಷಮೆ ಪಡೆದಿರಬೇಕು. ಶೋಕ, ಭಯ, ವಿಷಾದಗಳನ್ನು ತೊರೆದು ಶ್ರುತದಿಂದ ಮನಸ್ಸು ಪ್ರಸನ್ನವಾಗಿರಬೇಕು. ಮುಖವನ್ನು ಗೋಡೆಯ ಕಡೆಗೆ ತಿರುಗಿಸಿ ಮಲಗಿದವರಲ್ಲಿ ಈ ಲಕ್ಷಣವನ್ನು ಹೇಗೆ ಕಾಣುವುದು?

ಈ ನಾಲ್ಕು ಲಕ್ಷಣಗಳೂ ಕೂಡಿದ ಉದಾಹರಣೆ ನಮಗೆ ಹತ್ತಿರದಲ್ಲಿಯೇ ಇದೆ. ಬೆಳಗಾವಿ ಜಿಲ್ಲೆಯ ಭೋಜ ಗ್ರಾಮದವರಾದ ಚಾರಿತ್ರಚಕ್ರವರ್ತಿ ಆಚಾರ್ಯ ಶ್ರೀ ಶಾಂತಿಸಾಗರ ಮಹಾರಾಜರು 1955ರಲ್ಲಿ ಕುಂಥಲಗಿರಿ ಕ್ಷೇತ್ರದಲ್ಲಿ ಸಲ್ಲೇಖನೆಯನ್ನು ಸ್ವೀಕರಿಸಿದರು. ಕಾರಣ ಬಾಳಿನ ಬೇಸರವಲ್ಲ. ಕಣ್ಣಿನ ದೃಷ್ಟಿ ಕುಂದಿ, ಜೀವಗಳನ್ನು ನೋಡಿ ಹೆಜ್ಜೆಯಿಡುವ ಈರ್ಯಾಸಮಿತಿ ಮೊದಲಾದ ಮುನಿಧರ್ಮವನ್ನು ಪಾಲಿಸಲು ಅಡ್ಡಿಯಾಗಿತ್ತು. ಮಳಿಗೆ ಉಳಿಯುವಂತಿರಲಿಲ್ಲ, ಸರಕನ್ನು ಉಳಿಸಿಕೊಂಡರು. ಆ ವರ್ಷದ ಆಗಸ್ಟ್ 14ರಿಂದ ಸೆಪ್ಟೆಂಬರ್ 18ರವರೆಗೆ 36 ದಿನಗಳ ಆ ವ್ರತದಲ್ಲಿ ಇಪ್ಪತ್ತಾರನೆಯ ದಿನ ಅವರು ಸಮಾಜಕ್ಕೆ ಧರ್ಮೋಪದೇಶ ಮಾಡಿದರು. ದೇಹ ಸೊರಗಿದಾಗಲೂ ಇತರರ ಹಿತವನ್ನು ನುಡಿಯಬಲ್ಲ ಮನಸ್ಸು ಹತಾಶ ಮನಸ್ಸಲ್ಲ.

2015ರ ಆಗಸ್ಟ್ 10ರಂದು ರಾಜಸ್ಥಾನ ಉಚ್ಚ ನ್ಯಾಯಾಲಯವು ಸಲ್ಲೇಖನೆಯನ್ನು ಆತ್ಮಹತ್ಯೆಗೆ ಸಮವೆಂದು ತೀರ್ಪಿತ್ತಾಗ ದೇಶದ ಜೈನ ಸಮಾಜವೆಲ್ಲ ಮೌನ ಮೆರವಣಿಗೆಗಳಲ್ಲಿ ಸೇರಿತು. ಅದೇ ತಿಂಗಳ 31ರಂದು ಸರ್ವೋಚ್ಚ ನ್ಯಾಯಾಲಯ ಆ ತೀರ್ಪಿಗೆ ತಡೆಯಾಜ್ಞೆ ನೀಡಿತು. ಆದರೆ ವ್ರತದ ಗೌರವವನ್ನು ನ್ಯಾಯಾಲಯದಲ್ಲಿ ಮಾತ್ರ ಕಾಪಾಡಿದರೆ ಸಾಲದು, ಮನೆಯಲ್ಲಿಯೂ ಕಾಪಾಡಬೇಕು. ನೊಂದ ವೃದ್ಧರ ಅನ್ನತ್ಯಾಗಕ್ಕೆ ಸಲ್ಲೇಖನೆಯ ಹೆಸರು ಕೊಟ್ಟು ಕೈತೊಳೆದುಕೊಳ್ಳುವ ಕುಟುಂಬವು ವೃದ್ಧರಿಗೂ ಅನ್ಯಾಯ ಮಾಡುತ್ತದೆ, ವ್ರತಕ್ಕೂ ಅಪಚಾರ ಮಾಡುತ್ತದೆ.

ಕುಟುಂಬದ ಕರ್ತವ್ಯ

ಶಿವಾರ್ಯರ ಭಗವತೀ ಆರಾಧನೆಯು ಸಲ್ಲೇಖನಾಧಾರಿಯಾದ ಕ್ಷಪಕನನ್ನು ಒಂಟಿಯಾಗಿ ಬಿಡುವುದಿಲ್ಲ. ಅವನ ಸೇವೆಗೆ ನಾಲ್ವತ್ತೆಂಟು ಮಂದಿ ನಿರ್ಯಾಪಕ ಮುನಿಗಳನ್ನು ಹೇಳುತ್ತದೆ. ಅಷ್ಟು ಮಂದಿ ದೊರೆಯದಿದ್ದರೆ ಕನಿಷ್ಠ ಇಬ್ಬರಾದರೂ ಇರಲೇಬೇಕು. ಶರೀರಸೇವೆ, ಧರ್ಮಕಥನ, ರಾತ್ರಿಯ ಎಚ್ಚರ ಹೀಗೆ ಅವರಿಗೆ ಕೆಲಸಗಳ ಹಂಚಿಕೆ. ನೋವಿನಿಂದ ಕ್ಷಪಕನ ಮನಸ್ಸು ಚಂಚಲವಾದಾಗ ಆಚಾರ್ಯನು ಅವನನ್ನು ಗದರಿಸದೆ, ಪೂರ್ವದ ಮಹಾಪುರುಷರು ಉಪಸರ್ಗಗಳನ್ನು ಸಹಿಸಿದ ಪರಿಯನ್ನು ಹೇಳಿ ಧೈರ್ಯ ತುಂಬುತ್ತಾನೆ. ಆ ಉಪದೇಶಕ್ಕೆ ‘ಕವಚ’ವೆಂದು ಹೆಸರು. ನಮ್ಮ ಹಳಗನ್ನಡದ ಗದ್ಯರತ್ನವಾದ ವಡ್ಡಾರಾಧನೆಯ ಹತ್ತೊಂಬತ್ತು ಕಥೆಗಳು ಆರಾಧನಾ ಗ್ರಂಥದ ಇಂತಹ ಕಥೆಗಳೇ. ಕನ್ನಡಿಗರು ಅದನ್ನು ಸಾಹಿತ್ಯವೆಂದು ಓದುತ್ತೇವೆ. ಮೂಲದಲ್ಲಿ ಅದು ಸಾಯುವವನ ಬಳಿ ಕುಳಿತು ಹೇಳುವ ಮಾತಿನ ಪರಂಪರೆಗೆ ಸೇರಿದುದು.

ವ್ರತಸ್ಥನಾದ, ವಿವೇಕಿಯಾದ ಕ್ಷಪಕನಿಗೇ ಇಷ್ಟು ಆಸರೆ ಬೇಕೆಂದ ಮೇಲೆ, ವ್ರತದ ಬಲವಿಲ್ಲದ, ದುಃಖದಲ್ಲಿ ಮುಳುಗಿದ ವೃದ್ಧರಿಗೆ ಎಷ್ಟು ಬೇಕು! ಆದುದರಿಂದ ಆ ಸೊಸೆ ಮಾಡಬೇಕಾದುದು ಸ್ಪಷ್ಟ. ಅತ್ತೆಯವರನ್ನು ವೈದ್ಯರಿಗೆ ತೋರಿಸಲಿ; ಅದರಲ್ಲಿ ಧರ್ಮವಿರೋಧವಿಲ್ಲ. ಬಲವಂತವಾಗಿ ಬಾಯಿಗೆ ತುರುಕದೆ, ಬಳಿಯಲ್ಲಿ ಕುಳಿತು, ಜೀರ್ಣವಾಗುವಂತಹುದನ್ನು ಸ್ವಲ್ಪ ಸ್ವಲ್ಪವಾಗಿ ಕೊಡಲಿ. ಮಾವನವರ ಮಾತು ತೆಗೆದು, ಅವರು ಅಳುವುದಾದರೆ ಅಳಲು ಬಿಡಲಿ. ಮೊಮ್ಮಕ್ಕಳಲ್ಲೊಬ್ಬರು ದಿನವೂ ಸಂಜೆ ದ್ವಾದಶಾನುಪ್ರೇಕ್ಷೆಯ ಒಂದು ಭಾಗವನ್ನು ಓದಿ ಹೇಳಲಿ. ನಡೆಯಲು ಆಗುವಂತಾದಾಗ ಬಸದಿಗೆ ಕರೆದೊಯ್ಯಲಿ. ಗುರುಗಳು ಊರಿಗೆ ಬಂದಾಗ ಮನದ ಅಳಲನ್ನು ಅವರ ಮುಂದೆ ಹೇಳಿಕೊಳ್ಳುವ ಅವಕಾಶ ಮಾಡಿಕೊಡಲಿ. ಆ ವ್ಯಥೆ ಇಳಿದು ಮನಸ್ಸು ತಿಳಿಯಾದ ಮೇಲೆ ಅಜ್ಜಿ ಏಕಾಶನವನ್ನೋ ರಸತ್ಯಾಗವನ್ನೋ ಕೈಗೊಂಡರೆ ಅದು ನಿಜವಾದ ವ್ರತ. ಮುಂದೆ ಎಂದಾದರೂ ಪ್ರತೀಕಾರವಿಲ್ಲದ ಕಾಲ ಬಂದಾಗ ಆ ತಿಳಿಯಾದ ಮನಸ್ಸೇ ಸಮಾಧಿಮರಣಕ್ಕೆ ಆಧಾರ.

ನಡುವಯಸ್ಸಿನ ಓದುಗರಿಗೂ ಒಂದು ಮಾತು. ಅಜ್ಜಿಯ ಪಾಠ ನಮ್ಮದಲ್ಲವೆಂದು ಪುಟ ತಿರುವಬಾರದು. ನಲವತ್ತರಲ್ಲಿ ಒಂದು ಮಾತಿನ ಹಠವನ್ನು ಬಿಡಲಾರದವನು ಎಂಬತ್ತರಲ್ಲಿ ದೇಹವನ್ನು ಪ್ರಸನ್ನವಾಗಿ ಬಿಡಲಾರನು. ಈ ಚತುರ್ದಶಿಯ ಉಪವಾಸದಲ್ಲಿ ಅನ್ನದೊಡನೆ ಒಂದು ವೈರವನ್ನೂ ಬಿಟ್ಟು ನೋಡೋಣ. ಸಲ್ಲೇಖನೆಯ ಮೊದಲ ದಿನ ಅಂದೇ.

ಸ್ವಾಧ್ಯಾಯಕ್ಕೆ ಪ್ರಶ್ನೆಗಳು

1. ಕಾಯಸಲ್ಲೇಖನೆ, ಕಷಾಯಸಲ್ಲೇಖನೆಗಳ ಭೇದವೇನು? ಎರಡನೆಯದನ್ನು ಯಾವ ವಯಸ್ಸಿನಲ್ಲಿ ಆರಂಭಿಸಬಹುದು?

2. ಮರಣಾಶಂಸೆಯನ್ನು ಅತಿಚಾರವೆಂದು ಏಕೆ ಹೇಳಿದೆ? ವರ್ತಕನ ದೃಷ್ಟಾಂತದೊಡನೆ ಹೋಲಿಸಿ ವಿಚಾರಿಸಿರಿ.

3. ಮಿತ್ರಾನುರಾಗಕ್ಕೂ ಆಲೋಚನೆಗೂ ಇರುವ ಅಂತರವನ್ನು ನಿಮ್ಮ ಮನೆಯ ಹಿರಿಯರ ಮಾತುಗಳಲ್ಲಿ ಗುರುತಿಸಬಲ್ಲಿರಾ?

4. ನೀವು ಯಾರಲ್ಲಿ ಕ್ಷಮೆ ಕೇಳಬೇಕಾಗಿದೆ? ಮುಂದಿನ ಪರ್ಯೂಷಣದವರೆಗೆ ಕಾಯುವ ಅಗತ್ಯವಿದೆಯೇ?

ಸರ್ವರಿಗೂ ಸಮಾಧಿಯ ಲಾಭವಾಗಲಿ. ಜೈ ಜಿನೇಂದ್ರ.